ಸವೆಯದೆ ಎದ್ದುಹೋದ ಲೇಪ

ನೀರು ಇಳಿದ ಮೇಲೆ ಯೆರ್ಮೆಕ್ ಸಿಕ್ಕಿದ. ಪಂಪ್ ಕೋಣೆಯ ಮೂಲೆಯಲ್ಲಿ, ಕೆಸರಿನೊಳಗೆ ಮಂಡಿಯೂರಿ ಕೂತ ಹಾಗೆ. ಎರಡೂ ಕೈ ವಾಲ್ವಿನ ಚಕ್ರವನ್ನು ಹಿಡಿದೇ ಇದ್ದವು. ಬಿಡಿಸುವುದಕ್ಕೆ ಇಬ್ಬರು ಗಟ್ಟಿ ಆಳು ಬೇಕಾಯಿತಂತೆ.

ಅದು ತಾಮ್ರದ ಗಣಿ. ಆಳದಲ್ಲಿ ಒಸರುವ ನೀರನ್ನು ಹಗಲೂ ರಾತ್ರಿ ಮೇಲಕ್ಕೆತ್ತಬೇಕು, ಇಲ್ಲದಿದ್ದರೆ ಗಣಿ ಬಾವಿಯಾಗುತ್ತದೆ. ಆ ಪಂಪಿನ ಕಾವಲು ಯೆರ್ಮೆಕ್‌ನದು. ಸೀಲು ಕಿತ್ತು ನೀರು ನುಗ್ಗಿದಾಗ ಓಡಿದ್ದರೆ ಬದುಕುತ್ತಿದ್ದ. ಓಡಲಿಲ್ಲ, ವಾಲ್ವ್ ಮುಚ್ಚಲು ನಿಂತ. ಕೆಳಗಿನ ಸುರಂಗದವರೆಲ್ಲ ಜೀವ ಉಳಿಸಿಕೊಂಡು ಮೇಲೆ ಬಂದರು. ಅವನೊಬ್ಬ ಬರಲಿಲ್ಲ. ಮದುವೆ ಗೊತ್ತಾಗಿದ್ದ ಹುಡುಗ.

ಪಂಪು ಬಿಚ್ಚಿ ನೋಡಿದರು. ಒಳಗೆ ತಿರುಗುವ ಶಾಫ್ಟಿಗೆ ಒಂದು ಉಕ್ಕಿನ ಕೊಳವೆ ತೊಡಿಸಿರುತ್ತಾರೆ. ಅದಕ್ಕೆ ಸ್ಲೀವ್ ಅನ್ನುತ್ತಾರೆ. ನೀರು ತಡೆಯುವ ಸೀಲು ಕೂರುವುದು ಅದರ ಮೇಲೆಯೇ. ಗಣಿಯ ನೀರಿನ ತುಂಬ ಮರಳು. ಬರಿಯ ಉಕ್ಕಾದರೆ ಬೇಗ ತಿಂದುಹಾಕುತ್ತದೆ. ಅದಕ್ಕೇ ಸ್ಲೀವಿನ ಮೇಲೆ ಗಡಸು ಲೇಪ. ಪಿಂಗಾಣಿಯಂಥ ಕಾರ್ಬೈಡ್ ಕಣಗಳು, ಅವನ್ನು ಹಿಡಿದುಕೊಳ್ಳಲು ನಿಕ್ಕಲ್ — ಬೆಲ್ಲದ ಪಾಕದಲ್ಲಿ ಕಡಲೆಬೀಜ ಕೂತ ಹಾಗೆ. ಆ ಪುಡಿಯನ್ನು ಪ್ಲಾಸ್ಮಾ ಜ್ವಾಲೆಯಲ್ಲಿ ಕರಗಿಸಿ ಉಕ್ಕಿಗೆ ಎರಚುತ್ತಾರೆ. ಒಮ್ಮೆ ಕೂತಿತೆಂದರೆ ವರ್ಷಗಟ್ಟಲೆ ಜಗ್ಗಬಾರದು.

ಯೆರ್ಮೆಕ್‌ನ ಪಂಪಿನಲ್ಲಿ ಅದು ತಿಂಗಳೂ ಬಾಳಲಿಲ್ಲ.

ತಪ್ಪು ಯಾರದು? ಊರು ಆಗಲೇ ತೀರ್ಪು ಕೊಟ್ಟಾಗಿತ್ತು. ಲೇಪದ ಪುಡಿಯನ್ನು ಹೊಸ ಕಡೆಯಿಂದ ತರಿಸಿದವಳು ರಿಪೇರಿ ಕಾರ್ಖಾನೆಯ ಎಂಜಿನಿಯರ್, ಕೊರಿಯಾ ಮೂಲದ ಇನ್ನಾ ತ್ಸೋಯ್. ಕಳಪೆ ಪುಡಿ, ಸತ್ತ ಹುಡುಗ — ಇನ್ನೇನು ಬೇಕು? ಪೊಲೀಸರು ಅವಳನ್ನು ಎಳೆದುಕೊಂಡು ಹೋದರು. ನಾಳೆ ಬೆಳಗ್ಗೆ ಕೋರ್ಟು, ಅಲ್ಲಿಂದ ನಗರದ ಜೈಲು. ಒಮ್ಮೆ ಆ ಬಾಗಿಲು ದಾಟಿದರೆ ಅವಳು ಬೇಗ ಹೊರಗೆ ಬರುವುದು ಕನಸಿನ ಮಾತು.

ನಮಗಿದ್ದದ್ದು ಒಂದು ಹಗಲು.

ನಮಗೆ ಅಂದರೆ — ಗಣಿ ಅಪಘಾತಗಳ ತನಿಖೆ ಮಾಡುವ ಕುಲ್ಯಾಶ್ ಅಕ್ಕ, ಮತ್ತು ನಾನು, ದೌಲೆನ್. ಹಿಂದೆ ಪೊಲೀಸಿನಲ್ಲಿದ್ದೆ. ಈಗ ಅಕ್ಕನ ಡ್ರೈವರು, ಗುಮಾಸ್ತ, ಆಳು, ಬೈಗುಳ ತಿನ್ನುವವನು, ಎಲ್ಲ ನಾನೇ. ಲೋಹದ ವಿಷಯದಲ್ಲಿ ಅಕ್ಕನನ್ನು ಮೀರಿಸುವವರು ಈ ಹುಲ್ಲುಗಾವಲಿನಲ್ಲಿ ಯಾರೂ ಇಲ್ಲ. ಬಾಯಲ್ಲಿ ಸದಾ ಒಂದು ತುಂಡು ಕುರುತ್, ಹುಳಿ ಗಿಣ್ಣಿನ ಒಣ ಉಂಡೆ. ಅದನ್ನು ಕಡಿಯುತ್ತಿದ್ದಾಳೆ ಅಂದರೆ ಯೋಚಿಸುತ್ತಿದ್ದಾಳೆ. ಕಡಿಯುವುದು ನಿಂತರೆ ಯಾರಿಗೋ ಗ್ರಹಚಾರ ಕಾದಿದೆ ಎಂದು ಅರ್ಥ.

ಕಾರ್ಖಾನೆಯ ಅಂಗಳದಲ್ಲಿ ಜೀಪು ನಿಲ್ಲಿಸಿದ್ದೇ ತಡ, ಕ್ಯಾಂಟೀನಿನಿಂದ ಒಬ್ಬ ಮುದುಕಿ ಹೊರಬಂದಳು. ತಲೆಗೆ ಬಿಳಿ ವಸ್ತ್ರ, ಕೈಯಲ್ಲಿ ಬಟ್ಟಲು.

"ಹೊಸ ಗಾಡಿಯೇನಪ್ಪಾ?"

"ಹೂನಮ್ಮ, ಕಚೇರೀದು. ನಿನ್ನೆ ತಾನೇ ಕೊಟ್ರು," ಅಂದೆ. ಸ್ವಲ್ಪ ಜಂಬದಿಂದಲೇ.

ಮುದುಕಿ ಬಟ್ಟಲಿಗೆ ಬೆರಳು ಅದ್ದಿ, ನನ್ನ ಬಿಳಿ ಜೀಪಿನ ಬಾನೆಟ್ಟಿನ ಮೇಲೆ ಎಳೆದೇಬಿಟ್ಟಳು. ಕುರಿಬಾಲದ ಕೊಬ್ಬು! ಹೊಸದೇನು ಬಂದರೂ ಕೊಬ್ಬು ಸವರಿ ಹರಸುವುದು ಹಳಬರ ಪದ್ಧತಿ.

"ಅಯ್ಯೋ, ಏನಮ್ಮಾ ಇದು!"

"ಸುಮ್ನಿರೋ. ನಿನಗೂ ಮನೇಲಿ ತಾಯಿ ಕಾಯ್ತಿರ್ತಾಳೆ. ಹೋದವನು ಹೋದ ಹಾಗೇ ವಾಪಸ್ ಬರಬೇಕು." ತಿರುಗಿ ಒಳಗೆ ಹೋದಳು.

ಬಾಗಿಲಲ್ಲಿ ನಿಂತಿದ್ದ ಮ್ಯಾನೇಜರ್ ಅಬ್ಜಲ್ ತಲೆ ತಗ್ಗಿಸಿ ಹೇಳಿದ, "ಉರ್ಕಿಯಾ ಅಮ್ಮ. ನಮ್ಮ ಅಡುಗೆಯವಳು. ಸತ್ತ ಯೆರ್ಮೆಕ್ ಅವಳ ಒಬ್ಬನೇ ಮಗ."

ಪಾಪ ಅನ್ನಿಸಿತು. ಆದರೂ ಗಾಡಿ ಹೊಸದು, ಅಂಗಳದ ತುಂಬ ಧೂಳು. ಅವಳು ಒಳಗೆ ಹೋದ ಮೇಲೆ ಬಟ್ಟೆಗೆ ಪೆಟ್ರೋಲ್ ಸುರಿದು ಉಜ್ಜಿ ಉಜ್ಜಿ ಒರೆಸಿದೆ. ಅಕ್ಕ ಪಕ್ಕದಲ್ಲೇ ನಿಂತು ನೋಡಿದಳು.

ಅಬ್ಜಲ್‌ನ ಮೇಜಿನ ಮೇಲೆ ಆ ಸ್ಲೀವ್ ಇತ್ತು. ಮೊಣಕೈಯಷ್ಟು ಉದ್ದ, ಬೂದು ಬಣ್ಣ. ಒಂದು ಬದಿಯಲ್ಲಿ ಲೇಪವಿಲ್ಲದ ಮೂರು ಪಟ್ಟೆ, ಒಂದರ ಪಕ್ಕ ಒಂದು. ಒಂದು ತುದಿಯಲ್ಲಿ ಅಗಲ, ಹೋಗುತ್ತಾ ಹೋಗುತ್ತಾ ಕಿರಿದು. ನಡುವಿನದು ತುಸು ಉದ್ದ.

"ನೋಡಿ ಅಕ್ಕ, ಹೇಗೆ ಸವೆದುಹೋಗಿದೆ!" ಅಂದ ಅಬ್ಜಲ್. "ಪುಡಿ ಕಳಪೆ, ಇನ್ನೇನು? ನೀವೊಂದು ಸಹಿ ಹಾಕಿದ್ರೆ ನಾವು ಆ ಹುಡುಗನಿಗೆ ನಲವತ್ತನೇ ದಿನದ ಊಟ ನೆಮ್ಮದಿಯಾಗಿ ಹಾಕ್ಬಹುದು."

"ನಿನಗೆ ಅಷ್ಟು ಆತುರ ಯಾಕೆ?"

"ಆತುರ ಅಲ್ಲ ಅಕ್ಕ..."

"ಈ ಸ್ಲೀವ್ ಬೇಗ ಮುಗಿಸಿ ಅಂತ ಒತ್ತಾಯ ಮಾಡಿದ್ದು ಯಾರು?"

ಅಬ್ಜಲ್ ಬೆವರು ಒರೆಸಿಕೊಂಡ. "ಗಣಿಯವರು ನನ್ನ ಕುತ್ತಿಗೆ ಮೇಲೆ ಕೂತಿದ್ರು. ನಾನು ಹುಡುಗರ ಕುತ್ತಿಗೆ ಮೇಲೆ ಕೂತೆ. ಅದು ದಿನಾ ಇರೋದೇ. ಅದಕ್ಕೆ ಲೇಪ ಹೋಗುತ್ತಾ?"

ಅಕ್ಕ ಕಣ್ಣು ಮುಚ್ಚಿ ಪಟ್ಟೆಯ ಅಂಚಿನ ಮೇಲೆ ಉಗುರು ಎಳೆದಳು. ಟಕ್ — ಉಗುರು ತಡೆಯಿತು. ಮತ್ತೆ ಎಳೆದಳು. ಟಕ್.

"ದೌಲೆನ್, ಈ ಕೊಳವೆ ತಿರುಗೋದು ಹೇಗೆ?"

"ಗಿರಗಿರ ಅಂತ, ಸುತ್ತ."

"ಸುತ್ತ ತಿರುಗೋದು ಸವೆದರೆ ಕಲೆ ಹೇಗಿರಬೇಕು?"

"ಸುತ್ತಲೇ ಇರಬೇಕು. ಕೈಗೆ ಬಳೆ ಹಾಕಿದ ಹಾಗೆ."

"ಇದು?"

ಉದ್ದಕ್ಕೆ! ಮೂರೂ ಉದ್ದಕ್ಕೆ ಎಳೆದ ಹಾಗಿದ್ದವು. ಅಬ್ಜಲ್ ಮೇಜಿನ ಮೇಲೆ ಬಗ್ಗಿ ನೋಡಿದ.

ಅಕ್ಕ ಚಾಕುವಿನ ಮೊನೆಯಿಂದ ಪಟ್ಟೆಯ ಅಂಚಿನಲ್ಲಿ ಇನ್ನೂ ಅಂಟಿಕೊಂಡಿದ್ದ ಲೇಪದ ಒಂದು ಚೂರನ್ನು ಎಬ್ಬಿಸಿದಳು. ಒಣಗಿದ ಹುಣ್ಣಿನ ಹಕ್ಕಳೆಯಂತೆ ಸಲೀಸಾಗಿ ಎದ್ದಿತು. ಮಗುಚಿ ನೋಡಿದಳು. ಅದರ ಅಡಿ ಕಪ್ಪಗೆ, ಹೊತ್ತಿದ ಬಾಣಲೆಯ ತಳದ ಹಾಗೆ.

"ನಿಮ್ಮ ಮರಳುಗಾಲಿ ಎಲ್ಲಿದೆ?" ಎಂದು ಎದ್ದಳು.

ಮರಳುಗಾಲಿ ಅಂದರೆ ಲೇಪದ ಗಟ್ಟಿತನ ನೋಡುವ ಯಂತ್ರ. ರಬ್ಬರಿನ ಚಕ್ರ ತಿರುಗುತ್ತಿರುತ್ತದೆ, ಚಕ್ರಕ್ಕೂ ತುಂಡಿಗೂ ನಡುವೆ ಮರಳು ಸುರಿಯುತ್ತಿರಬೇಕು. ಸುರಿಯುವ ಕೆಲಸ ಯಾರದು? ನನ್ನದೇ. ಕಣ್ಣು, ಮೂಗು, ಕಾಲರಿನೊಳಗೆಲ್ಲ ಮರಳು. ಅದೇ ಸ್ಲೀವಿನಲ್ಲಿ ಲೇಪ ಉಳಿದಿದ್ದ ಜಾಗವನ್ನು ಕತ್ತರಿಸಿ ಹಿಡಿದರು. ಪಕ್ಕದಲ್ಲಿ ಹೋಲಿಕೆಗೆ ಒಂದು ಬರಿ ಉಕ್ಕಿನ ತುಂಡು. ಉಕ್ಕಿನಲ್ಲಿ ಗುಳಿ ಬಿದ್ದಿತು. ಲೇಪಕ್ಕೆ ಹೊಳಪು ಬಂತು ಅಷ್ಟೇ.

"ಪುಡಿ ಬಂಗಾರದಂಥದ್ದು," ಅಂದಳು ಅಕ್ಕ. "ಇದು ಸವೆದದ್ದಲ್ಲ ಅಬ್ಜಲ್. ಎದ್ದುಹೋದದ್ದು. ಲೇಪ ಹೊಡೆಯೋ ಮುಂಚೆ ಉಕ್ಕಿನ ಮೇಲೆ ಜಿಡ್ಡಿತ್ತು."

"ಯಾರೋ ಬೇಕಂತ ಹಚ್ಚಿದ್ರಾ?" ಅವನ ಮುಖ ಬಿಳಿಚಿತು.

"ಅದನ್ನೇ ತಿಳೀಬೇಕು. ಲೇಪ ಹೊಡೆದವರು ಯಾರು?"

ಹೊಡೆದವನು ಟೋಕ್ತಾರ್. ಎಲ್ಲರ ಬಾಯಲ್ಲೂ ಟೋಕೆ. ಹಿರಿಯರನ್ನು ಹೆಸರು ಹಿಡಿದು ಕರೆಯುವುದುಂಟೆ? ಎತ್ತರದ ಆಳು, ಬೆಳ್ಳಿ ಮೀಸೆ, ಜ್ವಾಲೆ ನೋಡಿ ನೋಡಿ ಕೆಂಪಾದ ಕಣ್ಣು. ಲೇಪದ ಕೋಣೆಯಲ್ಲಿ ಪ್ಲಾಸ್ಮಾ ಗನ್ನನ್ನು ಮಗುವಿನ ಮೈ ಒರೆಸುವ ಹಾಗೆ ಒರೆಸುತ್ತಿದ್ದ.

"ನನ್ನ ಕೈಯಿಂದ ಹೋದ ಯಾವ ತುಂಡೂ ಇಲ್ಲಿವರೆಗೆ ವಾಪಸ್ ಬಂದಿರಲಿಲ್ಲ, ತಂಗೀ."

"ಇದು ಬಂತಲ್ಲ, ಟೋಕೆ. ಆ ದಿನ ಏನೇನು ಮಾಡಿದ್ರಿ?"

"ದಿನಾ ಮಾಡೋದೇ. ಉಕ್ಕನ್ನ ತೊಳೆದೆ. ಮರಳು ಹೊಡೆದು ಒರಟು ಮಾಡಿದೆ. ಲೇಪ ಹೊಡೆದೆ."

"ಮರಳು ಹೊಡೆದ ಮೇಲೆ ಯಾರಾದ್ರೂ ಮುಟ್ಟಿದ್ರಾ?"

"ಯಾರು ಮುಟ್ತಾರೆ? ಬರಿಗೈ ತಾಕಿದ್ರೂ ಲೇಪ ಹಿಡಿಯಲ್ಲ ಅಂತ ಕಸ ಗುಡಿಸೋರಿಗೂ ಕಲಿಸಿದ್ದೀನಿ."

"ಮರಳು ಹೊಡೆದದ್ದಕ್ಕೂ ಲೇಪಕ್ಕೂ ನಡುವೆ ಎಷ್ಟು ಹೊತ್ತು?"

"ಹೊತ್ತೆಲ್ಲಿ? ಅದು ಮುಗೀತು, ಇದು ಶುರು. ಉಸಿರು ಬಿಡೋಕೂ ಪುರಸೊತ್ತಿರಲಿಲ್ಲ."

"ಪುಡಿ ಹೇಗಿತ್ತು?"

ಟೋಕೆ ಗನ್ ಒರೆಸುತ್ತಲೇ ಇದ್ದ.

"ನಿಮ್ಮನ್ನೇ ಕೇಳಿದ್ದು ಟೋಕೆ. ಇನ್ನಾ ತರಿಸಿದ ಪುಡಿ — ಹೇಗಿತ್ತು?"

"ಪುಡಿ ವಿಷಯ ಎಂಜಿನಿಯರ್‌ಗಳಿಗೆ ಬಿಟ್ಟದ್ದು," ಅಂದ ಗೋಡೆ ನೋಡುತ್ತ. ಮತ್ತೆ ತಾನಾಗಿಯೇ, "ಯೆರ್ಮೆಕ್ ನಡೆಯೋದು ಕಲಿತಾಗ ಶಾಸ್ತ್ರಕ್ಕೆ ಅವನ ಕಾಲಿಗೆ ಕಟ್ಟಿದ ಹಗ್ಗ ಕತ್ತರಿಸಿದವನು ನಾನು. ನನ್ನ ಹಾಗೇ ನೆಟ್ಟಗೆ ನಡೀಲಿ ಅಂತ ಅವರಮ್ಮ ನನ್ನನ್ನೇ ಕರೆದಿದ್ಲು," ಅಂದ.

ನನಗೆ ಅಯ್ಯೋ ಅನ್ನಿಸಿತು. ಅಕ್ಕನಿಗೆ ಅನ್ನಿಸಿದಂತೆ ಕಾಣಲಿಲ್ಲ. ಕುರುತ್ ಕಡಿಯುತ್ತಿದ್ದಳು.

ಪೊಲೀಸ್ ಠಾಣೆ ಊರಾಚೆ, ಮಣ್ಣು ದಾರಿ. ಇನ್ನಾ ಬೆಂಚಿನ ತುದಿಯಲ್ಲಿ ಕೂತಿದ್ದಳು. ಮೂವತ್ತು ದಾಟಿರಬೇಕು. ಕಣ್ಣು ಬತ್ತಿತ್ತು, ನಾಲಿಗೆ ಬತ್ತಿರಲಿಲ್ಲ.

"ಮತ್ತೊಬ್ರು ಬಂದ್ರಾ? ಬರ್ಕೊಳಿ. ಪುಡಿ ಚೆನ್ನಾಗಿತ್ತು. ಎಷ್ಟು ಸಲ ಕೇಳಿದ್ರೂ ಇದೇ."

"ಗೊತ್ತು. ಈಗ ತಾನೇ ನೋಡಿ ಬಂದೆ," ಅಂದಳು ಅಕ್ಕ.

ಇನ್ನಾ ತಲೆ ಎತ್ತಿದಳು. ಆಮೇಲೆ ಕಟ್ಟೆ ಒಡೆದ ಹಾಗೆ ಶುರುಮಾಡಿದಳು.

"ಲೇಪ ಹೊಡೆದ ದಿನ ನಾನು ಇರಲೇ ಇಲ್ಲ. ಮಗಳಿಗೆ ಜ್ವರ ಅಂತ ಮನೇಲಿದ್ದೆ. ಟೋಕೆ ಇದ್ದಾರಲ್ಲ ಅಂತ ಧೈರ್ಯ. ನನಗೆ ಈ ಕೆಲಸ ಕಲಿಸಿದವರು ಅವರು. ಪುಡಿ ಬಂದ ದಿನ ಬೆರಳಲ್ಲಿ ಉಜ್ಜಿ ನೋಡಿ, ಶಭಾಷ್ ಹುಡುಗಿ ಅಂದಿದ್ರು! ಅದೊಂದು ಮಾತು ಪೊಲೀಸರ ಮುಂದೆ ಹೇಳಿದ್ರೆ ಸಾಕಿತ್ತು. ಬಾಯೇ ಬಿಡಲಿಲ್ಲ."

"ಯಾಕೆ ಅಂತೀಯ?"

"ನನಗೇನು ಗೊತ್ತು? ಉರ್ಕಿಯಾ ಅಮ್ಮ ಬಂದು ಮುಖಕ್ಕೆ ಉಗಿದ್ರು. ಅದಕ್ಕೆ ನಂಗೆ ಕೋಪ ಇಲ್ಲ, ಮಗನ್ನ ಕಳ್ಕೊಂಡೋರು. ಆದ್ರೆ ನನ್ನ ಮಗಳಿಗೆ ಶಾಲೇಲಿ ಕೊಲೆಗಾತಿ ಮಗಳು ಅಂತಾರಂತೆ. ನಾಳೆ ನನ್ನನ್ನ ಕರ್ಕೊಂಡ್ಹೋದ್ರೆ ಅವಳನ್ನ ಅನಾಥಾಲಯಕ್ಕೆ ಹಾಕ್ತಾರೆ. ನಮಗೆ ಇಲ್ಲಿ ಬೇರೆ ಯಾರೂ ಇಲ್ಲ ಅಕ್ಕ."

ಅಕ್ಕ ಅವಳ ಕೈ ಒಂದು ಸಲ ಒತ್ತಿ ಎದ್ದುಬಂದಳು. ದಾರಿಯುದ್ದಕ್ಕೂ ನಾನು ಅಬ್ಜಲ್‌ನನ್ನು ಬೈದೆ. ಅವನೇ ಹಚ್ಚಿಸಿರಬೇಕು, ಇನ್ನಾಳನ್ನು ಕೆಳಗಿಳಿಸಲು ಕುತಂತ್ರ ಮಾಡಿರಬೇಕು, ನೋಡಿದರೇ ಗೊತ್ತಾಗುತ್ತೆ ಕಳ್ಳ ಅಂತ! ಅಕ್ಕ ಕೇಳಿಸಿಕೊಂಡಳೋ ಇಲ್ಲವೋ.

ಕಾರ್ಖಾನೆಯ ಅಂಗಳದಲ್ಲಿ ಇಳಿದವನೇ ತಲೆ ಚಚ್ಚಿಕೊಂಡೆ. ಬಾನೆಟ್ಟಿನ ಮೇಲೆ ದಾರಿಯ ಧೂಳು ಕಪ್ಪಗೆ ಹತ್ತಿತ್ತು. ಎಲ್ಲ ಕಡೆ ಅಲ್ಲ. ಬೆಳಗ್ಗೆ ಕೊಬ್ಬು ತಾಕಿದ ಜಾಗದಲ್ಲಿ ಮಾತ್ರ.

"ಥತ್! ಅಷ್ಟು ಪೆಟ್ರೋಲ್ ಹಾಕಿ ಉಜ್ಜಿದ್ದೀನಿ, ಹೋಗಿದೆ ಅಂದ್ಕೊಂಡಿದ್ದೆ. ನೋಡಿ ಅಕ್ಕ, ಹಾಗೇ ಇದೆ!" ಬಟ್ಟೆ ತೆಗೆದೆ.

"ಒರೆಸಬೇಡ."

ಆ ದನಿಗೆ ನಾನು ನಿಂತಲ್ಲೇ ನಿಂತೆ. ಅಕ್ಕ ಬಾನೆಟ್ಟನ್ನೇ ನೋಡುತ್ತಿದ್ದಳು. ಮೂರು ಗೆರೆ. ಒಂದು ತುದಿ ಅಗಲ, ಹೋಗುತ್ತಾ ಕಿರಿದು. ನಡುವಿನದು ತುಸು ಉದ್ದ.

ಕುರುತ್ ಕಡಿಯುವುದು ನಿಂತಿತ್ತು.

ನನಗೂ ಹೊಳೆಯಿತು. ಸ್ಲೀವಿನ ಮೇಲಿನ ಮೂರು ಪಟ್ಟೆಯೂ ಹೀಗೇ ಇದ್ದವು. "ಅಕ್ಕಾ... ಬೇಡ ಅಕ್ಕಾ," ಅಂದೆ. ಅವಳು ಆಗಲೇ ಕ್ಯಾಂಟೀನಿನ ಕಡೆ ನಡೆದಿದ್ದಳು.

ಉರ್ಕಿಯಾ ಅಮ್ಮ ತಂದೂರಿನಿಂದ ರೊಟ್ಟಿ ತೆಗೆಯುತ್ತಿದ್ದಳು. ಹಾಲು ಹಾಕಿದ ಚಹಾ ಮುಂದಿಟ್ಟು ಎದುರಿಗೆ ಕೂತಳು.

"ಕೇಳಿದ್ದಕ್ಕೆ ಬೇಜಾರು ಮಾಡ್ಕೋಬೇಡಿ ಅಕ್ಕ," ಅಂದಳು ಕುಲ್ಯಾಶ್ ಅಕ್ಕ, ತುಂಬ ಮೆತ್ತಗೆ. "ಆ ಸ್ಲೀವಿಗೆ ಲೇಪ ಹೊಡೆದ ದಿನ ನೆನಪಿದೆಯಾ? ಇಲ್ಲಿ ಏನು ಅಡುಗೆ?"

"ಮರೆಯೋ ದಿನಾನಾ ಅದು? ಮಗನಿಗೆ ಹೆಣ್ಣು ಗೊತ್ತಾಯ್ತು ಅಂತ ನಾನೇ ಕುರಿ ಕೊಯ್ಸಿ ಎಲ್ಲರಿಗೂ ಊಟ ಹಾಕಿದ್ದೆ."

"ಟೋಕೆ ಬಂದಿದ್ರಾ?"

"ಅವನು ಬರದೆ ಊಟ ಶುರುವಾಗುತ್ತಾ? ಹಿರಿಯನಿಗೆ ಅಂತ ಇಡೋ ಕುರಿ ತಲೇನ ಮತ್ಯಾರ ಮುಂದೆ ಇಡ್ಲಿ? ಕೆಲಸ ಇದೆ, ಆಮೇಲೆ ಬರ್ತೀನಿ ಅಂತ ಹಟ ಮಾಡ್ದ. ನೀನು ತಲೆ ಮುರೀದೆ ಹೋದ್ರೆ ಯಾರೂ ತುತ್ತು ಎತ್ತೋ ಹಾಗಿಲ್ಲ, ನನ್ನ ಮಗನಿಗೆ ಒಳ್ಳೇದು ಬಯಸಲ್ವಾ ಅಂತ ಬೈದು ಎಳ್ಕೊಂಡು ಬಂದೆ. ಬಂದ. ಚೆನ್ನಾಗಿ ತಿಂದ."

ಉಸಿರು ಬಿಡೋಕೂ ಪುರಸೊತ್ತಿರಲಿಲ್ಲ ಅಂದಿದ್ದನಲ್ಲ ಮುದುಕ!

ಅಕ್ಕ ಚಹಾ ಪೂರ್ತಿ ಕುಡಿದಳು. ಇನ್ನೊಂದು ಪ್ರಶ್ನೆ ಕೇಳಲಿಲ್ಲ. ಕೇಳಬೇಕಾದ ಆ ಒಂದನ್ನು ನುಂಗಿಕೊಂಡು ಎದ್ದಳು.

ಲೇಪದ ಕೋಣೆಗೆ ಹೋಗಿ ಬಾಗಿಲು ಹಾಕಿಸಿದಳು. ಒಳಗೆ ನಾವು ಮೂವರೇ.

"ಟೋಕೆ, ನೀವು ಮರಳು ಹೊಡೆದು, ಲೇಪ ಹೊಡೆಯದೆ ಊಟಕ್ಕೆ ಹೋದ್ರಿ. ಉಕ್ಕು ಇಲ್ಲಿ ತೆರೆದೇ ಇತ್ತು. ವಾಪಸ್ ಬಂದಾಗ ಅದರ ಮೇಲೆ ಏನು ಕಂಡ್ರಿ?"

"ಏನೂ ಇಲ್ಲ."

"ಮೂರು ಬೆರಳು."

ಟೋಕೆಯ ಕೈಯಿಂದ ಬಟ್ಟೆ ಬಿತ್ತು.

"ನಮ್ಮ ದೌಲೆನ್ ಬೆಳಗ್ಗೆ ಜೀಪಿನ ಮೇಲಿನ ಕೊಬ್ಬನ್ನ ಪೆಟ್ರೋಲ್ ಹಾಕಿ ಒರೆಸಿದ. ನಮ್ಮಿಬ್ಬರ ಕಣ್ಣಿಗೂ ಹೋಗಿತ್ತು. ಸಂಜೆಗೆ ಧೂಳು ಕೂತು ಅದೇ ಮೂರು ಗೆರೆ ಎದ್ದು ಬಂತು. ಒರೆಸಿ ಹೋಯ್ತು ಅಂತ ಸುಮ್ಮನಾಗೋ ಕಲೆ ಅದು, ನಾವೂ ಸುಮ್ಮನಾಗಿದ್ವಿ. ನುಣ್ಣನೆ ಬಣ್ಣದ ಮೇಲಿಂದಲೇ ಹೋಗಲಿಲ್ಲ, ಟೋಕೆ. ಮರಳು ಹೊಡೆದ ಉಕ್ಕಿನ ಹಲ್ಲುಗಳ ಸಂದಿಯಿಂದ ಹೋಗುತ್ತಾ? ನೀವೂ ಒರೆಸಿದ್ರಿ. ಮತ್ತೆ ಮರಳು ಹೊಡೀಲಿಲ್ಲ. ಯಾಕೆ?"

ಟೋಕೆ ಬಗ್ಗಿ ಬಟ್ಟೆ ಎತ್ತಿಕೊಂಡು ಮಡಚಿಟ್ಟ.

"ಯಾರ ಕೈ ಅಂತ ಕೇಳ್ಬೇಕಾಗಿರಲಿಲ್ಲ," ಅಂದ ಟೋಕೆ ಕೊನೆಗೆ. "ಇಲ್ಲಿ ಹೊಸ ಬಾಗಿಲು ಇಟ್ರೂ ಆ ಕೈ ಬಂದು ಹಚ್ಚುತ್ತೆ. ಮಗನ ಪಂಪಿಗೆ ಬಿಡ್ತಾಳಾ? ನಾನು ಮರಳಿನ ಪೈಪು ಕೈಗೆ ತಗೊಂಡೆ ತಂಗೀ, ಸುಳ್ಳಲ್ಲ. ಎತ್ತಿದ ಕೈ ಮುಂದಕ್ಕೆ ಹೋಗಲಿಲ್ಲ. ತಾಯಿ ಹರಸಿ ಹಚ್ಚಿದ್ದನ್ನ ಮರಳಲ್ಲಿ ಹೊಡೆದು ತೆಗೀಲಾ? ಮದುವೆ ಆಗೋ ಹುಡುಗ. ಅಪಶಕುನ ಅನ್ನಿಸ್ತು. ಮೆಲ್ಲಗೆ ಒರೆಸಿದೆ. ಉಳಿದದ್ದನ್ನ ಬೆಂಕಿ ತಗೊಳ್ಳುತ್ತೆ ಅಂದ್ಕೊಂಡೆ. ಮನೆಗೆ ಬಂದ ಸೊಸೆ ಒಲೆಗೆ ಕೊಬ್ಬು ಹಾಕಲ್ವಾ? ಬೆಂಕಿ ತಿಂದು ಮನೇನ ಹರಸುತ್ತೆ. ಇದು ಸೂರ್ಯನ ಮೈಗಿಂತ ಬಿಸಿ ಜ್ವಾಲೆ. ಇದರ ಮುಂದೆ ಒಂದು ಬೆರಳು ಕೊಬ್ಬು ಯಾವ ಲೆಕ್ಕ ಅಂದ್ಕೊಂಡೆ."

"ಬಿಸಿ ಇರೋದು ಜ್ವಾಲೆಗೆ. ಉಕ್ಕಿಗಲ್ಲ. ಉಕ್ಕು ಸೊಟ್ಟಗಾಗಬಾರದು ಅಂತ ಗಾಳಿ ಬಿಟ್ಟು ತಣ್ಣಗಿಡೋರು ನೀವೇ ಅಲ್ವಾ? ಕರಗಿದ ಕಣ ಹಾರಿಬಂದು ಉಕ್ಕಿನ ಹಲ್ಲು ಕಚ್ಚಿಕೊಳ್ಳಬೇಕು. ಅಲ್ಲಿ ಕೊಬ್ಬು ಕರಕಲಾಗಿ ಕೂತಿತ್ತು. ತಂದೂರಿನ ಗೋಡೆಗೆ ಕೊಬ್ಬು ಬಳಿದು ರೊಟ್ಟಿ ಹಚ್ಚಿದ್ರೆ ನಿಲ್ಲುತ್ತಾ?"

"ಉದುರುತ್ತೆ," ಅಂದ ಟೋಕೆ ಮಗುವಿನ ಹಾಗೆ.

"ಅಷ್ಟು ದಿನ ನಿಂತದ್ದೇ ಹೆಚ್ಚು. ಅಪರಾಧಿ ಇನ್ನಾ ಅಲ್ಲ, ಅಬ್ಜಲ್ ಅಲ್ಲ. ಕಂಡೂ ಲೇಪ ಹೊಡೆದವರು ನೀವು. ಆದ್ರೆ ಅದು ತಪ್ಪು, ಟೋಕೆ. ಆಮೇಲೆ ಮಾಡಿದ್ದು ಪಾಪ. ಸುಮ್ಮನಿದ್ರಲ್ಲ!"

"ಏನಂತ ಹೇಳ್ಲಿ?" ಮುದುಕನ ದನಿ ಒಡೆಯಿತು. "ಉರ್ಕಿಯಾ ಮುಂದೆ ನಿಂತು, ನಿನ್ನ ಕೈಯೇ ನಿನ್ನ ಮಗನ್ನ ಕೊಂದದ್ದು ಅಂತ ಹೇಳ್ಲಾ? ಆ ಮಾತು ಕೇಳಿ ಅವಳು ಬದುಕ್ತಾಳಾ?"

"ಅದಕ್ಕೆ ಇನ್ನಾಳನ್ನ ಬಲಿ ಕೊಟ್ರಾ?"

"ವಯಸ್ಸಿನ ಹುಡುಗಿ, ಹೇಗೋ ಬಿಡಿಸ್ಕೊಂಡು ಬರ್ತಾಳೆ..."

"ಸುಳ್ಳು! ಕೊರಿಯಾದೋಳು, ನಮ್ಮೋಳಲ್ಲ, ಹೋದ್ರೆ ಹೋಗ್ಲಿ ಅಂದ್ಕೊಂಡ್ರಿ. ಅವಳ ಮಗಳು ನಾಳೆ ಅನಾಥಾಲಯಕ್ಕೆ ಹೋಗ್ತಾಳೆ. ಅದೂ ಒಂದು ಮಗು ಅಲ್ವಾ? ಅವಳೂ ಒಬ್ಬ ತಾಯಿ ಅಲ್ವಾ?"

ಟೋಕೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಆ ಹೊತ್ತಿಗೆ ನನಗೆ ಅವನ ಮೇಲೆ ಎಷ್ಟು ಸಿಟ್ಟು ಬಂದಿತ್ತೋ ಅಷ್ಟೇ ಸಂಕಟವೂ ಆಯಿತು. ಯಾವುದು ಹೆಚ್ಚು ಅಂತ ಈಗಲೂ ಹೇಳಲಾರೆ.

"ಕೊಬ್ಬು ತಾಕಿಸಿದ ಕೈ ನಂದೇ ಅಂತ ಬರ್ಕೊಳಿ," ಅಂದ.

"ಸುಳ್ಳು ನಾನು ಬರೆಯಲ್ಲ. ಉಕ್ಕಿನ ಮೇಲೆ ಜಿಡ್ಡಿತ್ತು. ಲೇಪ ಹೊಡೆಯೋರು ಕಂಡ್ರು, ಕಂಡೂ ಹೊಡೆದ್ರು, ಮುಚ್ಚಿಟ್ರು. ಇಷ್ಟೇ ಬರೆಯೋದು. ಇದಕ್ಕೆ ನೀವು ಸಹಿ ಹಾಕಿದ್ರೆ ಮುಂದಕ್ಕೆ ಯಾರೂ ಕೆದಕಲ್ಲ."

ಟೋಕೆ ಸಹಿ ಹಾಕಿದ. ಅಕ್ಕ ಠಾಣೆಗೂ ಸರ್ಕಾರಿ ವಕೀಲರಿಗೂ ಫೋನು ಮಾಡಿದಳು. ಇನ್ನಾಳನ್ನು ಬಿಡುವುದಕ್ಕೆ ಒಪ್ಪಿದರು. ಅವಳನ್ನು ಮನೆ ತಲುಪಿಸುವ ಕೆಲಸ ನಮ್ಮ ಜೀಪಿನದು.

ಪೊಲೀಸರು ಟೋಕೆಯನ್ನು ಕರೆದೊಯ್ಯಲು ಬಂದಾಗ ಕಾರ್ಖಾನೆಗೆ ಕಾರ್ಖಾನೆಯೇ ಅಂಗಳದಲ್ಲಿ ನಿಂತಿತ್ತು. ಯಾರಿಗೂ ನಂಬಿಕೆಯಿಲ್ಲ. ಗುಂಪನ್ನು ಸೀಳಿಕೊಂಡು ಉರ್ಕಿಯಾ ಅಮ್ಮ ಬಂದಳು.

"ಏನು ಮಾಡ್ದೆ ನೀನು?"

"ಜಿಡ್ಡಿನ ಮೇಲೆ ಲೇಪ ಹೊಡೆದೆ, ಉರ್ಕಿಯಾ. ಅದಕ್ಕೇ ಹಿಡೀಲಿಲ್ಲ."

"ಯಾರ ಜಿಡ್ಡು?"

ಅಕ್ಕ ಕಣ್ಣು ಮುಚ್ಚಿಕೊಂಡಳು.

"ನಂದೇ," ಅಂದ ಟೋಕೆ. "ಊಟದ ಕೈ. ಸರಿಯಾಗಿ ತೊಳೀಲಿಲ್ಲ."

"ಊಟದ ಕೈ?" ಅವಳಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. "ನಾನು ನಿನ್ನ ಮುಂದೆ ಕುರಿ ತಲೆ ಇಟ್ಟೆನಲ್ಲೋ! ಇಷ್ಟು ಜನರಲ್ಲಿ ನೀನೇ ಹಿರಿಯ ಅಂತ! ಅದನ್ನ ತಿಂದ ಕೈಯಲ್ಲೇ ನನ್ನ ಮಗನ್ನ ಕೊಂದ್ಯಾ? ನಿನ್ನ ಕೈ ಸೇದಿಹೋಗ! ನಿನಗೆ ಮಣ್ಣು ಹಾಕೋರು ಇಲ್ಲದ ಹಾಗಾಗ್ಲಿ!"

ಎರಡೂ ಕೈಯಿಂದ ಅವನ ಎದೆಗೆ, ಮುಖಕ್ಕೆ ಹೊಡೆದಳು. ಅವನ ಟೋಪಿ ನೆಲಕ್ಕೆ ಬಿತ್ತು. ಅಷ್ಟೆತ್ತರದ ಮನುಷ್ಯ, ಅವಳ ಕೈಗೆ ಸಿಗಲಿ ಎಂಬಂತೆ ಬಗ್ಗಿ ನಿಂತಿದ್ದ. ಪೊಲೀಸರೇ ಬಿಡಿಸಿದರು.

ಅವನ ಗಾಡಿ ಹೋದ ಮೇಲೆ ಗುಂಪು ಚದುರಿತು. ನಾವು ಹೊರಡುವ ಹೊತ್ತಿಗೆ ಉರ್ಕಿಯಾ ಅಮ್ಮ ಮತ್ತೆ ಬಂದಳು. ಕೈಯಲ್ಲಿ ಅದೇ ಬಟ್ಟಲು.

"ಆ ಹುಡುಗಿ ಇದೇ ಗಾಡೀಲಿ ಮನೆಗೆ ಬರ್ತಾಳಾ?"

"ಹೌದು ಅಕ್ಕ," ಅಂದಳು ಕುಲ್ಯಾಶ್ ಅಕ್ಕ.

"ನಾನು ಅವಳ ಮುಖಕ್ಕೆ ಉಗಿದುಬಿಟ್ಟೆ." ಆಮೇಲೆ ಅಕ್ಕನ ಹತ್ತಿರ ಬಂದು ದನಿ ತಗ್ಗಿಸಿದಳು. "ಒಂದು ಮಾತು ಕೇಳ್ತೀನಿ. ನೀನು ಓದಿದವಳು, ಹೇಳು. ಆ ದಿನ ನಾನೂ ಅವನ ಪಂಪಿಗೆ ಹಚ್ಚಿದ್ದೆ. ಎಲ್ಲ ಊಟಕ್ಕೆ ಕೂತಾಗ ಕದ್ದು ಹೋಗಿ ಹಚ್ಚಿ ಬಂದೆ. ಯಾರಾದ್ರೂ ನೋಡ್ತಾರೆ ಅನ್ನೋ ಭಯಕ್ಕೆ ಒಂದೇ ಕಡೆ ಹಚ್ಚಿದೆ. ಸುತ್ತ ಹಚ್ಚಿದ್ರೆ ಉಳೀತಿದ್ನೇನೋ? ನಾನು ಹಚ್ಚಿದ್ದು ಸಾಲಲಿಲ್ವೇನೋ?"

ಜಿಡ್ಡು ಬೇರೆ, ತನ್ನ ಹರಕೆ ಬೇರೆ ಎಂದು ಅವಳು ನಂಬಿದ್ದಳು. ಆ ನಂಬಿಕೆಯ ಮೇಲೆ ಇನ್ನೂ ಬದುಕಿದ್ದಳು.

ನಾನು ಅಕ್ಕನ ಮುಖ ನೋಡಿದೆ. ಕೆಲಸದಲ್ಲಿ ಒಂದು ಸುಳ್ಳೂ ಆಡಿದವಳಲ್ಲ.

"ಸಾಕಾಗುವಷ್ಟು ಹಚ್ಚಿದ್ರಿ ಅಕ್ಕ," ಅಂದಳು.

ಉರ್ಕಿಯಾ ಅಮ್ಮ ತಲೆಯಾಡಿಸಿದಳು. ಬಟ್ಟಲಿಗೆ ಮೂರು ಬೆರಳು ಅದ್ದಿ ಬಾನೆಟ್ಟಿಗೆ ಎಳೆದಳು. ಈ ಸಲ ಆತುರ ಮಾಡಲಿಲ್ಲ. ಮುಂದೆ ಹಚ್ಚಿದಳು, ನಾಲ್ಕು ಬಾಗಿಲಿಗೂ ಹಚ್ಚಿದಳು, ಹಿಂದಕ್ಕೂ ಹೋಗಿ ಹಚ್ಚಿದಳು. ಸುತ್ತು ಪೂರ್ತಿಯಾಗಿ ಅವಳು ಕೈ ಒರೆಸಿಕೊಳ್ಳುವವರೆಗೂ ನಾವು ಕಾದೆವು.